ಅಭಿಮಾನಿಗಳು ಆರಿಸಿದ ನಿರೂಪಕಿ: ಬೆಟ್ಟಿ ವೈಟ್ ಮತ್ತು 2010ರ ಮೇ 8ರ ‘ಸ್ಯಾಟರ್ಡೇ ನೈಟ್ ಲೈವ್’

ಅಮೆರಿಕದ ಎನ್‌ಬಿಸಿ ವಾಹಿನಿಯ ‘ಸ್ಯಾಟರ್ಡೇ ನೈಟ್ ಲೈವ್’ 1975ರ ಅಕ್ಟೋಬರ್ 11ರಂದು ಆರಂಭವಾದ ನೇರಪ್ರಸಾರದ ಹಾಸ್ಯ ಕಾರ್ಯಕ್ರಮ. ಅದಕ್ಕೆ ತನ್ನದೇ ಕಾಯಂ ಕಲಾವಿದರ ತಂಡವಿದೆ. ಆ ತಂಡದ ಜೊತೆಗೆ ಪ್ರತಿ ವಾರ ಒಬ್ಬ ಅತಿಥಿ ನಿರೂಪಕರಾಗಿ ಬಂದು, ಆರಂಭದ ಮಾತುಗಳನ್ನಾಡಿ, ಆ ರಾತ್ರಿಯ ಸ್ಕಿಟ್‌ಗಳಲ್ಲಿ ಪಾತ್ರ ವಹಿಸುತ್ತಾರೆ. ಹಾಗಾಗಿ ಪ್ರಸಾರ ಮುಗಿದ ಮೇಲೆ ಅಭಿಮಾನಿಗಳು ಎರಡು ವಿಷಯಗಳನ್ನು ತೂಗುತ್ತಾರೆ: ನಿರೂಪಕರು ಹೇಗಿದ್ದರು, ಸ್ಕಿಟ್‌ಗಳು ಹೇಗಿದ್ದವು. ಈ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಡುವುದು ರೂಢಿ. ನಿರೂಪಕರು ಇಷ್ಟವಾದರೆ ಸಾಧಾರಣ ಸ್ಕಿಟ್‌ಗೂ ಹೊಗಳಿಕೆ ಸಿಗುತ್ತದೆ, ನಿರೂಪಕರು ಇಷ್ಟವಾಗದಿದ್ದರೆ ಒಳ್ಳೆಯ ಬರವಣಿಗೆಯೂ ಬೈಗುಳ ತಿನ್ನುತ್ತದೆ. 2010ರ ಮೇ 8ರ ಸಂಚಿಕೆಯನ್ನು ಇಲ್ಲಿ ಅಧ್ಯಯನಕ್ಕೆ ಆರಿಸಿಕೊಂಡಿರುವುದು ಈ ಬೆರಕೆ ಅಲ್ಲಿ ಅತ್ಯಂತ ಸ್ಪಷ್ಟವಾಗಿ ಕಾಣುವುದರಿಂದ. ಅಂದು ಅಭಿಮಾನಿಗಳು ನಿರೂಪಕಿಯ ಬಗ್ಗೆ ಪ್ರಸಾರದ ನಂತರ ತೀರ್ಪು ಕೊಡುವುದರ ಜೊತೆಗೆ, ಪ್ರಸಾರಕ್ಕೆ ತಿಂಗಳುಗಳ ಮೊದಲೇ ಅವರನ್ನು ಆರಿಸಿಯೂ ಬಿಟ್ಟಿದ್ದರು.

ಆ ನಿರೂಪಕಿ ಅಮೆರಿಕದ ಹಿರಿಯ ಟಿವಿ ನಟಿ ಬೆಟ್ಟಿ ವೈಟ್. 1922ರ ಜನವರಿ 17ರಂದು ಹುಟ್ಟಿದ ಅವರಿಗೆ ಆಗ 88 ವರ್ಷ. ಕಾರ್ಯಕ್ರಮದ 35ನೇ ಆವೃತ್ತಿಯವರೆಗೆ ಆ ವಯಸ್ಸಿನವರು ಯಾರೂ ಆ ವೇದಿಕೆಯಲ್ಲಿ ನಿರೂಪಣೆ ಮಾಡಿರಲಿಲ್ಲ.

ಬೇಡಿಕೆ ಹುಟ್ಟಿದ ಬಗೆ

2009–10ರ ಚಳಿಗಾಲದಲ್ಲಿ ಬೆಟ್ಟಿ ವೈಟ್ ಅವರನ್ನು ನಿರೂಪಕಿಯಾಗಿ ಕರೆಸಬೇಕೆಂದು ಕೋರುವ ಗುಂಪೊಂದು ಫೇಸ್‌ಬುಕ್‌ನಲ್ಲಿ ಹುಟ್ಟಿಕೊಂಡಿತು. ಅದನ್ನು ಆರಂಭಿಸಿದವರಿಗೆ ಮನರಂಜನಾ ಉದ್ಯಮದ ಯಾವ ಅಧಿಕಾರವೂ ಇರಲಿಲ್ಲ. ಫೆಬ್ರುವರಿ 7ರಂದು ಅಮೆರಿಕನ್ ಫುಟ್‌ಬಾಲ್‌ನ ‘ಸೂಪರ್ ಬೌಲ್’ ಪಂದ್ಯದ ನಡುವೆ ಸ್ನಿಕರ್ಸ್ ಚಾಕೊಲೇಟಿನ ಜಾಹೀರಾತು ಬಂತು. ಅದರಲ್ಲಿ ಬೆಟ್ಟಿ ವೈಟ್ ಯುವಕರ ನಡುವೆ ಚೆಂಡಾಟಕ್ಕಿಳಿದು ಕೆಸರಿನಲ್ಲಿ ಬೀಳುತ್ತಾರೆ. ಆ ದೃಶ್ಯವನ್ನು ಇಡೀ ದೇಶ ನೋಡಿತು, ಗುಂಪಿನ ಸದಸ್ಯರ ಸಂಖ್ಯೆ ಭರದಿಂದ ಏರಿ ಸುಮಾರು 5 ಲಕ್ಷವನ್ನು ಮುಟ್ಟಿತು. ಮಾರ್ಚ್‌ನಲ್ಲಿ ವಾಹಿನಿ ಅವರ ಹೆಸರನ್ನು ಅಧಿಕೃತವಾಗಿ ಪ್ರಕಟಿಸಿತು. ಬೆಟ್ಟಿ ವೈಟ್ ಅವರೇ ಹಿಂದೆ ಈ ಕಾರ್ಯಕ್ರಮದಿಂದ ಬಂದ ಆಹ್ವಾನಗಳನ್ನು ನಿರಾಕರಿಸಿದ್ದರು ಎಂಬುದನ್ನು ಇಲ್ಲಿ ಗಮನಿಸಬೇಕು. ಅಭಿಮಾನಿಗಳ ಒತ್ತಾಯ ವಾಹಿನಿಯನ್ನು ಒಪ್ಪಿಸಿದ್ದಕ್ಕಿಂತ ಹೆಚ್ಚಾಗಿ ಕಲಾವಿದೆಯನ್ನು ಒಪ್ಪಿಸಿತೆಂದೇ ನಾನು ಭಾವಿಸುತ್ತೇನೆ.

ಈ ಕಾರ್ಯಕ್ರಮ ಅಭಿಮಾನಿಗಳ ಮತವನ್ನು ಎಣಿಸಿ ನೋಡಿದ್ದು ಇದೇ ಮೊದಲಲ್ಲ. ಹಿಂದಿನ ಮೂರು ಸಂದರ್ಭಗಳನ್ನು ನೆನೆಯದೆ 2010ರ ಘಟನೆಯ ಬೆಲೆ ತಿಳಿಯುವುದಿಲ್ಲ. 1977ರಲ್ಲಿ ‘ಯಾರು ಬೇಕಾದರೂ ನಿರೂಪಕರಾಗಬಹುದು’ ಎಂಬ ಸ್ಪರ್ಧೆಯನ್ನು ಏರ್ಪಡಿಸಲಾಗಿತ್ತು. ಅದನ್ನು ಗೆದ್ದವರು ನ್ಯೂ ಆರ್ಲಿಯನ್ಸ್‌ನ 80 ವರ್ಷದ ಅಜ್ಜಿ. ಡಿಸೆಂಬರ್ 17ರಂದು ಅವರು ವೇದಿಕೆಗೆ ಬಂದರು. ಅಂದಿನಿಂದ ಬೆಟ್ಟಿ ವೈಟ್ ಬರುವವರೆಗೆ ಅತಿ ಹಿರಿಯ ನಿರೂಪಕರೆಂಬ ದಾಖಲೆ ಅವರದ್ದಾಗಿತ್ತು. ಆದರೆ ಆ ರಾತ್ರಿಯನ್ನು ಇಂದು ನೆನೆಯುವವರು ಎಲ್ವಿಸ್ ಕಾಸ್ಟೆಲೊ ಅವರಿಗಾಗಿ ನೆನೆಯುತ್ತಾರೆ: ಆ ಗಾಯಕ ಆರಂಭಿಸಿದ ಹಾಡನ್ನು ನೇರಪ್ರಸಾರದ ನಡುವೆಯೇ ನಿಲ್ಲಿಸಿ, ಬೇರೊಂದನ್ನು ಹಾಡಿಬಿಟ್ಟಿದ್ದರು. ಪ್ರೇಕ್ಷಕರು ಅಕ್ಕರೆಯಿಂದ ಗೆಲ್ಲಿಸಿ ಕಳಿಸಿದ ಅಜ್ಜಿಗೆ ನೆನಪಿನಲ್ಲಿ ಉಳಿಯುವಂಥ ಸ್ಕಿಟ್ ದಕ್ಕಲಿಲ್ಲ.

1982ರಲ್ಲಿ ದೂರವಾಣಿ ಮತದಾನ ಎರಡು ಬಾರಿ ನಡೆಯಿತು. ಏಪ್ರಿಲ್ 10ರಂದು ತಂಡದ ಕಲಾವಿದ ಎಡ್ಡಿ ಮರ್ಫಿ ಜೀವಂತ ಲಾಬ್‌ಸ್ಟರ್ (ದೊಡ್ಡ ಕಡಲ ಸಿಗಡಿ) ಒಂದನ್ನು ಹಿಡಿದು, ಇದನ್ನು ಉಳಿಸಬೇಕೇ ಬೇಯಿಸಬೇಕೇ ಎಂದು ವೀಕ್ಷಕರನ್ನು ಕೇಳಿದರು. ಉಳಿಸಿ ಎಂದವರು 2,39,096 ಮಂದಿ, ಬೇಯಿಸಿ ಎಂದವರು 2,27,452 ಮಂದಿ. ಅದೇ ವರ್ಷದ ನವೆಂಬರ್ 20ರ ಮತದಾನ ಇಷ್ಟು ಹಗುರವಾದದ್ದಾಗಿರಲಿಲ್ಲ. ಮೊದಲ ಸಂಚಿಕೆಯಿಂದಲೂ ಕಾರ್ಯಕ್ರಮದ ನಂಟಿದ್ದ ಹಾಸ್ಯ ಕಲಾವಿದ ಆ್ಯಂಡಿ ಕಾಫ್‌ಮನ್ ಮತ್ತೆ ಇಲ್ಲಿ ಕಾಣಿಸಿಕೊಳ್ಳಬೇಕೇ ಎಂದು ಕೇಳಲಾಯಿತು. 1,95,544 ಮಂದಿ ಬೇಡ ಎಂದರು, 1,69,186 ಮಂದಿ ಬೇಕು ಎಂದರು. ಆ ಮತದಾನವನ್ನೇ ಒಂದು ಹಾಸ್ಯಪ್ರಯೋಗವೆಂದು ಕಂಡವರಿದ್ದರೂ ಫಲಿತಾಂಶ ನಿಜವಾಗಿಯೇ ಜಾರಿಯಾಯಿತು. ಕಾಫ್‌ಮನ್ ಆ ವೇದಿಕೆಯ ನೇರಪ್ರಸಾರದಲ್ಲಿ ಮತ್ತೆಂದೂ ಕಾಣಿಸಿಕೊಳ್ಳಲಿಲ್ಲ, 1984ರ ಮೇ 16ರಂದು ತೀರಿಕೊಂಡರು. ಒಬ್ಬ ಕಲಾವಿದನ ಹೊಸತನವನ್ನು ಬೇಕು–ಬೇಡಗಳ ಎಣಿಕೆಗೆ ಒಡ್ಡಿದ್ದು ಈ ಕಾರ್ಯಕ್ರಮದ ಚರಿತ್ರೆಯಲ್ಲಿ ನನಗೆ ಅತ್ಯಂತ ನೋವು ಕೊಡುವ ಸಂಗತಿ. ಈ ಮೂರೂ ಸಂದರ್ಭಗಳಲ್ಲಿ ಮತ ಕೇಳಿದ್ದು ಕಾರ್ಯಕ್ರಮವೇ. 2010ರಲ್ಲಿ ಯಾರೂ ಕೇಳದೆ ಮತ ಬಂತು.

ತಂಡ ಕೈಗೊಂಡ ನಿರ್ಧಾರ

ಐದು ಲಕ್ಷ ಜನ ಒಂದು ಹೆಸರನ್ನು ಹೇಳಬಹುದು, ಆದರೆ ಒಂದು ಸ್ಕಿಟ್ಟನ್ನು ಬರೆಯಲಾರರು. ಕಾರ್ಯಕ್ರಮದ ಸೃಷ್ಟಿಕರ್ತ ಹಾಗೂ ನಿರ್ಮಾಪಕ ಲಾರ್ನ್ ಮೈಕಲ್ಸ್ ಅವರಿಗೆ ಇದು ಚೆನ್ನಾಗಿ ಗೊತ್ತಿತ್ತೆಂಬುದು ಅವರ ಮುಂದಿನ ಹೆಜ್ಜೆಯಿಂದ ಕಾಣುತ್ತದೆ. ಮೇ 8 ಅಮೆರಿಕದ ತಾಯಂದಿರ ದಿನದ ಹಿಂದಿನ ರಾತ್ರಿಯಾಗಿತ್ತು. ಅದನ್ನೇ ನೆವವಾಗಿಸಿಕೊಂಡು, ತಂಡದಿಂದ ಹೊರಹೋಗಿದ್ದ ಆರು ಕಲಾವಿದೆಯರನ್ನು ಮರಳಿ ಕರೆಸಲಾಯಿತು: ಟೀನಾ ಫೇ, ಏಮಿ ಪೋಲರ್, ಮಾಯಾ ರುಡಾಲ್ಫ್, ಮಾಲಿ ಶ್ಯಾನನ್, ಆ್ಯನಾ ಗ್ಯಾಸ್ಟೆಯರ್ ಮತ್ತು ರೇಚಲ್ ಡ್ರ್ಯಾಚ್. ಹಿರಿಯ ನಿರೂಪಕಿಯ ಮೇಲೆ ಬೀಳುವ ಭಾರವನ್ನು, ನೇರಪ್ರಸಾರದಲ್ಲಿ ನುರಿತ ಆರು ಜನ ಹಂಚಿಕೊಳ್ಳುವಂತೆ ಮಾಡಿದ ಏರ್ಪಾಡು ಇದು.

ಆ ಭಾರ ಎಷ್ಟೆಂದು ತಿಳಿಯಲು ವಾರದ ದಿನಚರಿಯನ್ನು ನೋಡಬೇಕು. ಸೋಮವಾರ ಮೈಕಲ್ಸ್ ಅವರ ಕೋಣೆಯಲ್ಲಿ ನಿರೂಪಕರನ್ನು ಕೂರಿಸಿಕೊಂಡು ಬರಹಗಾರರು ತಮ್ಮ ಯೋಚನೆಗಳನ್ನು ಹೇಳುತ್ತಾರೆ. ಮಂಗಳವಾರ ರಾತ್ರಿಯಿಡೀ ಬರವಣಿಗೆ ನಡೆಯುತ್ತದೆ. ಬುಧವಾರ ಸುಮಾರು 40 ಸ್ಕಿಟ್‌ಗಳನ್ನು ಮೇಜಿನ ಸುತ್ತ ಕುಳಿತು ಗಟ್ಟಿಯಾಗಿ ಓದುತ್ತಾರೆ. ಅವುಗಳಲ್ಲಿ ಹೆಚ್ಚಿನವು ಅಂದೇ ಬಿದ್ದುಹೋಗುತ್ತವೆ. ಉಳಿದವುಗಳಿಗೆ ಗುರುವಾರ, ಶುಕ್ರವಾರ ತಾಲೀಮು ನಡೆಯುತ್ತದೆ. ಶನಿವಾರ ರಾತ್ರಿ 8 ಗಂಟೆಗೆ ಪ್ರೇಕ್ಷಕರ ಮುಂದೆಯೇ ಪೂರ್ಣ ತಾಲೀಮು ನಡೆಸಿ, ಅಲ್ಲಿ ನಗು ಹುಟ್ಟದ ಕೆಲವು ಸ್ಕಿಟ್‌ಗಳನ್ನು ಕಿತ್ತುಹಾಕುತ್ತಾರೆ. ನಂತರ ಕೊನೆಯ ಗಳಿಗೆಯವರೆಗೂ ಸಂಭಾಷಣೆ ಬದಲಾಗುತ್ತಿರುತ್ತದೆ. ಹಾಗಾಗಿ ಕಲಾವಿದರು ಎಲ್ಲವನ್ನೂ ಬಾಯಿಪಾಠ ಮಾಡದೆ, ಕ್ಯಾಮೆರಾ ಪಕ್ಕದಲ್ಲಿ ಹಿಡಿದ, ಕೈಬರಹದ ಕ್ಯೂ ಕಾರ್ಡ್‌ಗಳನ್ನು ಓದುತ್ತಾರೆ. ರಾಕ್‌ಫೆಲರ್ ಸೆಂಟರ್‌ನ 8ಎಚ್ ಸ್ಟುಡಿಯೋದಿಂದ ನ್ಯೂಯಾರ್ಕ್ ಸಮಯ ರಾತ್ರಿ 11:30ಕ್ಕೆ ಪ್ರಸಾರ ಶುರು. ಮೇ ತಿಂಗಳಲ್ಲಿ ಆ ಹೊತ್ತಿಗೆ ಬೆಂಗಳೂರಿನಲ್ಲಿ ಭಾನುವಾರ ಬೆಳಗಿನ 9 ಗಂಟೆಯಾಗಿರುತ್ತದೆ. ಚಿತ್ರೀಕರಿಸಿ, ಕತ್ತರಿಸಿ, ಜೋಡಿಸಿದ ಹಾಸ್ಯ ಕಾರ್ಯಕ್ರಮಗಳನ್ನು ನೋಡಿ ರೂಢಿಯಾದ ನಮಗೆ ಒಂದೂವರೆ ಗಂಟೆ ತಿದ್ದುಪಡಿಗೆ ಎಡೆಯಿಲ್ಲದ ಈ ಕಸುಬಿನ ಕಷ್ಟ ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ.

ಇಷ್ಟನ್ನು 88ರ ವಯಸ್ಸಿನಲ್ಲಿ ನಿಭಾಯಿಸಬಲ್ಲರೇ ಎಂಬ ಆತಂಕ ಸಹಜವಾದದ್ದೇ. ಆದರೆ ಬೆಟ್ಟಿ ವೈಟ್ ಅವರ ಕಲಾಜೀವನ ಬಲ್ಲವರಿಗೆ ಆ ಆತಂಕ ಕಾಡಬೇಕಿರಲಿಲ್ಲ. 1949ರಿಂದ ಅವರು ಲಾಸ್ ಏಂಜಲಿಸ್‌ನ ‘ಹಾಲಿವುಡ್ ಆನ್ ಟೆಲಿವಿಷನ್’ ಎಂಬ ಕಾರ್ಯಕ್ರಮದಲ್ಲಿ ವಾರಕ್ಕೆ ಆರು ದಿನ, ದಿನಕ್ಕೆ ಐದೂವರೆ ಗಂಟೆ ನೇರಪ್ರಸಾರದಲ್ಲಿ ಮಾತನಾಡಿದವರು. ಟಿವಿಯಲ್ಲಿ ನೇರಪ್ರಸಾರವೇ ದಿನನಿತ್ಯದ ಪದ್ಧತಿಯಾಗಿದ್ದ ಕಾಲದಲ್ಲಿ ಅವರು ಪಳಗಿದ್ದರು. ಆ ರಾತ್ರಿ 8ಎಚ್ ಸ್ಟುಡಿಯೋದಲ್ಲಿ ಅವರಷ್ಟು ಗಂಟೆಗಳ ನೇರಪ್ರಸಾರದ ಅನುಭವ ಬೇರೆ ಯಾವ ನಟನಟಿಯರಿಗೂ ಇದ್ದಿರಲಾರದು.

ಆ ರಾತ್ರಿಯ ಸ್ಕಿಟ್‌ಗಳು

ಆರಂಭದ ಮಾತಿನಲ್ಲಿ ಬೆಟ್ಟಿ ವೈಟ್ ಫೇಸ್‌ಬುಕ್ ಗುಂಪಿನವರಿಗೆ ಧನ್ಯವಾದ ಹೇಳಿದರು. ಫೇಸ್‌ಬುಕ್ ಏನೆಂಬುದೇ ತಮಗೆ ತಿಳಿದಿರಲಿಲ್ಲ, ಈಗ ತಿಳಿದ ಮೇಲೆ ಅದು ಕಾಲಹರಣದಂತೆ ತೋರುತ್ತದೆ ಎಂಬರ್ಥದ ಮಾತನ್ನೂ ಸೇರಿಸಿದರು. ತನ್ನನ್ನು ಕರೆತಂದ ಅಭಿಮಾನಿಗಳನ್ನು ಓಲೈಸದೆ, ಅವರ ಪ್ರೀತಿಯನ್ನು ತಿರಸ್ಕರಿಸದೆ, ಅವರ ಹವ್ಯಾಸವನ್ನೇ ನಗೆಗೆ ಒಡ್ಡಿದ ಈ ಮಾತು ಅಂದಿನ ಸಂಚಿಕೆಯಲ್ಲಿ ಅತಿ ಹೆಚ್ಚು ಉಲ್ಲೇಖಗೊಂಡವುಗಳಲ್ಲಿ ಒಂದು. ಬಳಿಕ ಅವರು ಬಹುತೇಕ ಎಲ್ಲ ಸ್ಕಿಟ್‌ಗಳಲ್ಲೂ ಇದ್ದರು. ನಿರೂಪಕರನ್ನು ಎರಡು ಮೂರು ಸ್ಕಿಟ್‌ಗಳಲ್ಲಿ ಅಂಚಿಗೆ ನಿಲ್ಲಿಸಿ ವಾರ ಕಳೆಯುವ ಸಂಚಿಕೆಗಳನ್ನು ಕಂಡು ಬೇಸತ್ತಿದ್ದ ಅಭಿಮಾನಿಗಳು ಇದನ್ನು ಮನಸಾರೆ ಮೆಚ್ಚಿದರು.

ಹೆಚ್ಚು ಮೆಚ್ಚುಗೆ ಗಳಿಸಿದ್ದು ‘ಡೆಲಿಷಸ್ ಡಿಶ್’. ಸಾರ್ವಜನಿಕ ರೇಡಿಯೊದ ಮಂದದನಿಯ ಅಡುಗೆ ಕಾರ್ಯಕ್ರಮವನ್ನು ಅಣಕಿಸುವ ಈ ಮಾಲಿಕೆಯಲ್ಲಿ ಗ್ಯಾಸ್ಟೆಯರ್ ಮತ್ತು ಶ್ಯಾನನ್ ಇಬ್ಬರು ಮುಗ್ಧ ನಿರೂಪಕಿಯರು. 1998ರ ಡಿಸೆಂಬರ್‌ನಲ್ಲಿ ಆ್ಯಲೆಕ್ ಬಾಲ್ಡ್‌ವಿನ್ ಸಿಹಿತಿಂಡಿ ಮಾರುವವನಾಗಿ ಅಲ್ಲಿಗೆ ಬಂದು, ತನ್ನ ಉಂಡೆಗಳನ್ನು ವರ್ಣಿಸಿದ್ದನ್ನು ಅಭಿಮಾನಿಗಳು ಮರೆತಿರಲಿಲ್ಲ. ಈ ಬಾರಿ ಬೆಟ್ಟಿ ವೈಟ್ ಬೇಕರಿಯ ಒಡತಿ ಫ್ಲಾರೆನ್ಸ್ ಡಸ್ಟಿಯಾಗಿ ತಮ್ಮ ಮಫಿನ್ ಬಗ್ಗೆ ಮಾತನಾಡಿದರು. ಮಾತೆಲ್ಲ ದ್ವಂದ್ವಾರ್ಥ, ಮೂವರಲ್ಲಿ ಒಬ್ಬರಿಗೂ ಅದು ತಿಳಿದಂತೆ ಕಾಣಬಾರದು ಎಂಬುದೇ ಅದರ ನಿಯಮ. ಒಬ್ಬರ ತುಟಿಯಂಚಿನಲ್ಲಿ ನಗು ಇಣುಕಿದರೂ ಸ್ಕಿಟ್ ಅಲ್ಲಿಗೇ ಮುಗಿದಂತೆ.

ಈ ಸಂಚಿಕೆಯ ಬಗೆಗಿನ ಪ್ರಧಾನ ಆಕ್ಷೇಪ ಇಲ್ಲಿಂದಲೇ ಹುಟ್ಟುತ್ತದೆ. ವಯಸ್ಸಾದ ಹೆಂಗಸಿನ ಬಾಯಲ್ಲಿ ಪೋಲಿ ಮಾತು ಹಾಕಿಸಿ ನಗಿಸುವ ಒಂದೇ ಉಪಾಯವನ್ನು ಬರಹಗಾರರು ರಾತ್ರಿಯಿಡೀ ಬಳಸಿದರು ಎಂಬುದು ಆ ಆಕ್ಷೇಪದ ತಿರುಳು. ಇದರಲ್ಲಿ ಸತ್ಯಾಂಶವಿದೆಯೆಂದು ನಾನು ಒಪ್ಪುತ್ತೇನೆ. ಕೀನನ್ ಥಾಂಪ್ಸನ್ ಅವರ ಕಾಯಂ ಪಾತ್ರವಿರುವ, ತಪ್ಪುದಾರಿ ಹಿಡಿದ ಹುಡುಗರನ್ನು ಜೈಲಿನ ಕಥೆ ಹೇಳಿ ಹೆದರಿಸುವ ಸ್ಕಿಟ್‌ನಲ್ಲಿ ಆಕೆಯ ವಯಸ್ಸನ್ನು ಬಿಟ್ಟರೆ ಹೊಸ ಯೋಚನೆ ಹೆಚ್ಚಿಲ್ಲ. ಪಾತ್ರದಲ್ಲಿ ಬೇರೆ ಯಾವ ಅಜ್ಜಿಯನ್ನು ನಿಲ್ಲಿಸಿದ್ದರೂ ಅಷ್ಟೇ ನಗು ಬರುತ್ತಿತ್ತು. ಆದರೆ ಅದೇ ಆಕ್ಷೇಪವನ್ನು ‘ಡೆಲಿಷಸ್ ಡಿಶ್’ಗೆ ಅನ್ವಯಿಸುವುದು ಬೆಟ್ಟಿ ವೈಟ್ ಅವರ ಕಲೆಯನ್ನು ತಿಳಿಯದೆ ಆಡುವ ಮಾತು.

ಅದಕ್ಕೆ ಕಾರಣ ಅವರ ಹಿಂದಿನ ಎರಡು ಪಾತ್ರಗಳಲ್ಲಿದೆ. 1973ರಿಂದ ‘ದ ಮೇರಿ ಟೈಲರ್ ಮೂರ್ ಶೋ’ನಲ್ಲಿ ಅವರು ಮಾಡಿದ ಸೂ ಆ್ಯನ್ ನಿವೆನ್ಸ್ ಟಿವಿಯಲ್ಲಿ ಅಡುಗೆ ಮತ್ತು ಗೃಹಕೃತ್ಯ ಹೇಳಿಕೊಡುವ ಹೆಂಗಸು, ಕ್ಯಾಮೆರಾ ಮುಂದೆ ಸಕ್ಕರೆಯಂಥ ನಗು, ಕ್ಯಾಮೆರಾ ಆರಿದೊಡನೆ ಕೊಂಕು ಮತ್ತು ಗಂಡಸರ ಹಂಬಲ. ಆ ಪಾತ್ರಕ್ಕೆ ಅವರಿಗೆ 1975 ಮತ್ತು 1976ರಲ್ಲಿ ಅಮೆರಿಕದ ಟಿವಿ ರಂಗದ ಎಮ್ಮಿ ಪ್ರಶಸ್ತಿ ಬಂತು. 1985ರಲ್ಲಿ ಆರಂಭವಾದ ‘ದ ಗೋಲ್ಡನ್ ಗರ್ಲ್ಸ್’ ಧಾರಾವಾಹಿಯಲ್ಲಿ ಮೊದಲು ಅವರಿಗೆಂದು ಯೋಚಿಸಿದ್ದು ಗಂಡಸರ ಸಂಗ ಬಯಸುವ ಬ್ಲಾಂಚ್ ಪಾತ್ರವನ್ನು. ಅದು ಸೂ ಆ್ಯನ್‌ಳ ಮರುಕಳಿಕೆಯಾದೀತೆಂದು ನಿರ್ದೇಶಕ ಜೇ ಸ್ಯಾಂಡ್ರಿಚ್ ಪಾತ್ರಗಳನ್ನು ಅದಲುಬದಲು ಮಾಡಿಸಿದರು. ಹಾಗೆ ಬೆಟ್ಟಿ ವೈಟ್‌ಗೆ ದಕ್ಕಿದ್ದು ಕಪಟವರಿಯದ ರೋಸ್. ರೋಸ್ ತನ್ನ ಮಾತಿನ ಇನ್ನೊಂದು ಅರ್ಥವನ್ನು ಎಂದೂ ಅರಿಯಳು. ಸೂ ಆ್ಯನ್ ಅರಿತೇ ಆಡುತ್ತಾಳೆ. ಫ್ಲಾರೆನ್ಸ್ ಡಸ್ಟಿಯ ಪಾತ್ರದಲ್ಲಿ ಸೂ ಆ್ಯನ್‌ಳ ಮಾತುಗಳನ್ನು ರೋಸ್‌ಳ ಮುಖದಿಂದ ಹೇಳಿಸಲಾಗಿದೆ. 37 ವರ್ಷಗಳ ಅಭ್ಯಾಸವಿಲ್ಲದವರ ಬಾಯಲ್ಲಿ ಆ ಸ್ಕಿಟ್ ಬರಿಯ ಅಶ್ಲೀಲವಾಗಿ ಕೇಳಿಸುತ್ತಿತ್ತು. ಮಾತಿನ ನಡುವೆ ಎಲ್ಲಿ ತಡೆಯಬೇಕು, ಪ್ರೇಕ್ಷಕರ ನಗು ಇಳಿಯುವವರೆಗೆ ಕಣ್ಣನ್ನು ಎಲ್ಲಿ ನೆಡಬೇಕು ಎಂಬುದನ್ನು ಬಲ್ಲ ಕಲಾವಿದೆ ಅದನ್ನು ನಡೆಸಿಕೊಟ್ಟರು.

ಉಳಿದವುಗಳನ್ನು ಬೇಗ ಹೇಳಿಬಿಡಬಹುದು. ಮನೆಗೆ ಬಂದ ಜನಗಣತಿಯವಳನ್ನು ಮುದುಕಿ ಸತಾಯಿಸುವ ಸ್ಕಿಟ್‌ನಲ್ಲಿ ಟೀನಾ ಫೇ ತಾಳ್ಮೆಯಿಂದ ಜೊತೆಗೊಟ್ಟರು. ಅದು ಸಣ್ಣದಾದರೂ ಅಚ್ಚುಕಟ್ಟಾಗಿತ್ತು. ‘ಗೋಲ್ಡನ್ ಗರ್ಲ್ಸ್’ನ ಶೀರ್ಷಿಕೆ ಗೀತೆಯನ್ನು ಮೃದುವಾಗಿ ಆರಂಭಿಸಿ ಅಬ್ಬರದ ಹೆವಿ ಮೆಟಲ್‌ಗೆ ತಿರುಗಿಸಿದ ದೃಶ್ಯ ಜನಪ್ರಿಯವಾಯಿತು. ಸಂಗೀತಕ್ಕೆ ಬಂದಿದ್ದ ಜೇ-ಝೀ ತಮ್ಮ ಒಂದು ಹಾಡನ್ನು ಬೆಟ್ಟಿ ವೈಟ್‌ಗೇ ಅರ್ಪಿಸಿದರು.

ಲಾಭ ಮತ್ತು ಬೆಲೆ

ಸಂಚಿಕೆಯನ್ನು ಸುಮಾರು 1 ಕೋಟಿ 21 ಲಕ್ಷ ಜನ ನೋಡಿದರು. 2008ರ ನವೆಂಬರ್ 1ರಂದು, ಅಧ್ಯಕ್ಷೀಯ ಚುನಾವಣೆಗೆ ಮೂರು ದಿನ ಮೊದಲು ಅಭ್ಯರ್ಥಿ ಜಾನ್ ಮೆಕೇನ್ ಸ್ವತಃ ಕಾಣಿಸಿಕೊಂಡಿದ್ದ ಸಂಚಿಕೆಯ ನಂತರ ಅಷ್ಟು ಜನ ಈ ಕಾರ್ಯಕ್ರಮವನ್ನು ನೋಡಿರಲಿಲ್ಲ. 2010ರಲ್ಲೇ ಹಾಸ್ಯ ವಿಭಾಗದ ಅತಿಥಿ ನಟಿ ಎಮ್ಮಿ ಪ್ರಶಸ್ತಿಯೂ ಈ ಸಂಚಿಕೆಗಾಗಿ ಬೆಟ್ಟಿ ವೈಟ್ ಅವರಿಗೆ ಬಂತು. ಅಭಿಮಾನಿಗಳ ಆಯ್ಕೆ ಸರಿಯೆಂದು ಹೇಳಲು ಇಷ್ಟು ಸಾಕೆನಿಸುವುದು ಸಹಜ. ನೋಡಿದವರ ಸಂಖ್ಯೆ ಆಯ್ಕೆಯ ಜನಪ್ರಿಯತೆಯನ್ನು ಸಾಬೀತು ಮಾಡುತ್ತದೆ ಎಂಬುದು ನಿಜ. ಸ್ಕಿಟ್‌ಗಳ ಗುಣವನ್ನು ಅದು ಹೇಳಲಾರದು, ಏಕೆಂದರೆ ಒಂದು ಸ್ಕಿಟ್ಟನ್ನೂ ಕಾಣದೆಯೇ ಜನ ಟಿವಿ ಮುಂದೆ ಕುಳಿತಿದ್ದರು.

ಈ ಯಶಸ್ಸಿಗೆ ತೆತ್ತ ಬೆಲೆಯ ಬಗ್ಗೆ ಮೆಚ್ಚುಗೆಯ ಗದ್ದಲದಲ್ಲಿ ಮಾತು ಕಡಿಮೆಯಾಯಿತು. ಆ ವರ್ಷದ ಕಾಯಂ ತಂಡದಲ್ಲಿದ್ದ ಮಹಿಳೆಯರು ನಾಲ್ವರು: ಆಗಲೇ ತಾರೆಯಾಗಿದ್ದ ಕ್ರಿಸ್ಟೆನ್ ವಿಗ್, ಮತ್ತು ಇನ್ನೂ ಹೆಸರು ಮಾಡಬೇಕಿದ್ದ ಆ್ಯಬಿ ಎಲಿಯಟ್, ನಸೀಮ್ ಪೆಡ್ರಾಡ್, ಜೆನ್ನಿ ಸ್ಲೇಟ್. ಇಡೀ ವರ್ಷದಲ್ಲಿ ಅತಿ ಹೆಚ್ಚು ಜನರ ಕಣ್ಣು ನೆಟ್ಟಿದ್ದ ರಾತ್ರಿ, ಮಹಿಳೆಯರ ಹಬ್ಬದಂತೆ ರೂಪುಗೊಂಡ ರಾತ್ರಿ, ದೊಡ್ಡ ಪಾತ್ರಗಳು ಹಳಬರ ಪಾಲಾದವು. ಸ್ಲೇಟ್ ಆ ಆವೃತ್ತಿ ಮುಗಿದ ಮೇಲೆ ತಂಡದಲ್ಲಿ ಮುಂದುವರಿಯಲಿಲ್ಲ. ಅದಕ್ಕೆ ಈ ಒಂದು ಸಂಚಿಕೆ ಕಾರಣವೆಂದು ನಾನು ಹೇಳುತ್ತಿಲ್ಲ. ಆದರೆ ಅಭಿಮಾನಿಗಳು ಈಗಾಗಲೇ ಪ್ರೀತಿಸುವವರನ್ನಷ್ಟೇ ಕೇಳಬಲ್ಲರು, ಮುಂದೆ ಯಾರನ್ನು ಪ್ರೀತಿಸಲಿದ್ದೇವೆಂಬುದು ಅವರಿಗೆ ತಿಳಿದಿರುವುದಿಲ್ಲ. ಆ ಹೊಸಬರನ್ನು ಕಾಯುವುದು ನಿರ್ಮಾಪಕರ ಹೊಣೆ. ಮೇ 8ರಂದು ಮೈಕಲ್ಸ್ ನಿರೂಪಕಿಯ ವಿಷಯದಲ್ಲಿ ಅಭಿಮಾನಿಗಳ ಮಾತು ಕೇಳಿ, ಸ್ಕಿಟ್‌ಗಳ ವಿಷಯದಲ್ಲಿ ತಮ್ಮ ಕಸುಬನ್ನು ನಂಬಿ ಎರಡೂ ಕಡೆ ಸರಿಯಾಗಿ ನಡೆದುಕೊಂಡರು. ಪಾತ್ರ ಹಂಚುವಾಗ ಮಾತ್ರ ಹಳೆಯ ನೆನಪಿಗೆ ತುಸು ಹೆಚ್ಚು ಸೋತರೆಂದು ನನ್ನ ಅಭಿಪ್ರಾಯ.

1977ರ ಅಜ್ಜಿಯೊಡನೆ ಹೋಲಿಸಿದಾಗ ವ್ಯತ್ಯಾಸ ನಿಚ್ಚಳವಾಗುತ್ತದೆ. ಇಬ್ಬರನ್ನೂ ಜನ ಬಯಸಿ ಕರೆತಂದರು, ಇಬ್ಬರ ವಯಸ್ಸೂ ಆಕರ್ಷಣೆಯಾಗಿತ್ತು. ಮೊದಲನೆಯವರು ವೃತ್ತಿಯಿಂದ ಕಲಾವಿದೆಯಲ್ಲ, ಅವರಿಗೆ ಹೊಂದುವ ಪಾತ್ರ ಬರೆಯಲು ಬರಹಗಾರರ ಕೈಯಲ್ಲಿ ವಯಸ್ಸಿನ ಹೊರತು ಮತ್ತೇನೂ ಇರಲಿಲ್ಲ. ಬೆಟ್ಟಿ ವೈಟ್ ವಿಷಯದಲ್ಲಿ ಅರವತ್ತು ವರ್ಷಗಳ ವೃತ್ತಿಜೀವನವೇ ಬರಹಗಾರರಿಗೆ ಸಾಮಗ್ರಿಯಾಗಿತ್ತು. ಅದನ್ನು ಬಳಸಿಕೊಂಡಲ್ಲಿ ಸ್ಕಿಟ್ ಎದ್ದು ನಿಂತಿತು, ಬರಿಯ ವಯಸ್ಸಿಗೆ ಜೋತುಬಿದ್ದಲ್ಲಿ ಸಪ್ಪೆಯಾಯಿತು.

ಬೆಟ್ಟಿ ವೈಟ್ 2021ರ ಡಿಸೆಂಬರ್ 31ರಂದು, ನೂರು ತುಂಬಲು ಮೂರು ವಾರವೂ ಇಲ್ಲದಾಗ ತೀರಿಕೊಂಡರು. ಮರುದಿನ ರಾತ್ರಿ ಎನ್‌ಬಿಸಿ ಇದೇ ಸಂಚಿಕೆಯನ್ನು ಮತ್ತೆ ಪ್ರಸಾರ ಮಾಡಿತು. ಹನ್ನೊಂದು ವರ್ಷಗಳ ನಂತರದ ಈ ಮರುಪ್ರಸಾರದಲ್ಲಿ ಫೇಸ್‌ಬುಕ್ ಗುಂಪಿನ ಉತ್ಸಾಹವಾಗಲಿ, ನೇರಪ್ರಸಾರದ ಆತಂಕವಾಗಲಿ ನೋಡುವವರಿಗೆ ಅಡ್ಡಬರುವುದಿಲ್ಲ. ಸ್ಕಿಟ್‌ಗಳನ್ನು ಸ್ಕಿಟ್‌ಗಳಾಗಿಯೇ ತೂಗಬಹುದು. ಅಂದು ಬೆಟ್ಟಿ ವೈಟ್ ಕಾಣಿಸಿಕೊಂಡ, ಇದೇ ಕಾರ್ಯಕ್ರಮದ ಸ್ಕಿಟ್ ಮಾಲಿಕೆಯಾದ ‘ಮ್ಯಾಕ್‌ಗ್ರೂಬರ್’ ತುಣುಕುಗಳು ಆಗ ಎರಡು ವಾರದೊಳಗೆ ತೆರೆ ಕಾಣಲಿದ್ದ ಅದೇ ಹೆಸರಿನ ಚಿತ್ರದ ಪ್ರಚಾರವೂ ಆಗಿದ್ದವು, ಮರುಪ್ರಸಾರದಲ್ಲಿ ಅವು ಹಳಸಿದಂತೆ ಕಾಣುತ್ತವೆ. ಜನಗಣತಿಯ ಸ್ಕಿಟ್ ಇಂದಿಗೂ ನಗಿಸುತ್ತದೆ. ‘ಡೆಲಿಷಸ್ ಡಿಶ್’ನಲ್ಲಿ ಹಿನ್ನೆಲೆ ತಿಳಿಯದ ಇಂದಿನ ನೋಡುಗರಿಗೂ ಅರ್ಥವಾಗದ ಸಾಲು ಒಂದೂ ಇಲ್ಲ, ಮೂವರು ನಟಿಯರಲ್ಲಿ ಒಬ್ಬರೂ ಕೊನೆಯವರೆಗೆ ನಿಯಮ ಮುರಿಯುವುದಿಲ್ಲ.